ಬಂದಳಿಕೆ ತಿರುವಿನಲ್ಲಿ ನಿಲ್ಲುತ್ತಿದ್ದ ಕಾರು

ನಾನು ಕಾರು ಕೊಂಡದ್ದು ಶೋಕಿಗಲ್ಲ. ಈ ಮಾತನ್ನು ಆಗ ಶಿಕಾರಿಪುರದಲ್ಲಿ ಯಾರೂ ನಂಬಲಿಲ್ಲ. ನಂಬಲಾರದ್ದನ್ನು ನಂಬಿಸುವುದೇ ನನ್ನ ಕಸುಬಾಗಿದ್ದರೂ ನನ್ನ ಸ್ವಂತ ವಿಷಯಕ್ಕೆ ಬಂದಾಗ ಆ ವಿದ್ಯೆ ಕೈಕೊಟ್ಟಿತು. ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಹೆಂಡತಿ ತೀರಿಕೊಂಡ, ಮಕ್ಕಳಿಲ್ಲದ, ತಲೆ ಅರ್ಧ ನರೆತ ವಕೀಲನೊಬ್ಬ ಯುದ್ಧಕ್ಕೂ ಮುಂಚಿನ ವಿಲಾಯಿತಿ ಕಾರೊಂದನ್ನು ತಂದು ಮನೆಯ ಮುಂದೆ ನಿಲ್ಲಿಸಿಕೊಂಡರೆ ಊರು ಸುಮ್ಮನೆ ಕೂರುತ್ತದೆಯೇ? ಎರಡನೇ ಸಂಬಂಧ ಎಲ್ಲಿಂದ ಬರಬಹುದು ಎಂದು ಕೋರ್ಟಿನ ಎದುರಿನ ಹೋಟೆಲಿನಲ್ಲಿ ಗಂಭೀರ ವಿಚಾರಣೆ ನಡೆಯಿತು. ನನ್ನ ಗುಮಾಸ್ತ ಅದರಲ್ಲಿ ಸಾಕ್ಷಿ ಹೇಳಿದನೆಂದೂ ಕೇಳಿದೆ.

ನಿಜ ಸಂಗತಿ ಬಹಳ ಸಣ್ಣದು. ನಮ್ಮಕ್ಕನಿಗೆ ಬಸ್ಸು ಆಗುತ್ತಿರಲಿಲ್ಲ.

ನಮ್ಮಕ್ಕನನ್ನು ಸೊರಬ ತಾಲ್ಲೂಕಿನ ಜಡೆಗೆ ಕೊಟ್ಟಿತ್ತು. ನನಗಿಂತ ಬಹಳ ದೊಡ್ಡವಳು. ಅವ್ವ ಬೇಗ ಹೋದದ್ದರಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಭಾವ ಲಿಂಗೈಕ್ಯರಾಗಿ ಕೆಲವು ವರ್ಷಗಳಾಗಿದ್ದವು. ಅವಳಿಗೂ ಮಕ್ಕಳಿಲ್ಲ. ಮೈದುನನ ಮನೆಯಲ್ಲಿ, ಅವನ ಹೆಂಡತಿ ಮಕ್ಕಳ ನಡುವೆ ಇದ್ದಳು. ಭತ್ತ, ಒಂದಿಷ್ಟು ಅಡಿಕೆ, ಎಮ್ಮೆ, ತುಂಬಿದ ಮನೆ. ನನ್ನ ಹೆಂಡತಿ ಸತ್ತ ಸುದ್ದಿ ತಲುಪಿದ ಮಾರನೆಯ ದಿನ ಮೊದಲ ಬಸ್ಸಿಗೇ ಬಂದಿಳಿದವಳು ತಿಂಗಳೊಪ್ಪತ್ತು ಇದ್ದು, ನನಗೆ ಎರಡು ಹೊತ್ತು ಉಣ್ಣುವ ಅಭ್ಯಾಸ ಮತ್ತೆ ಹಿಡಿಸಿ, ಅಡುಗೆಗೆ ಒಬ್ಬಾಕೆಯನ್ನು ಗೊತ್ತುಮಾಡಿ ಹೋಗಿದ್ದಳು. ಆಮೇಲೆ ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ, ಗೋಡೆಯ ಗಡಿಯಾರಕ್ಕೆ ಕೀಲಿ ಕೊಡುವುದನ್ನೇ ನಿಲ್ಲಿಸಿಬಿಟ್ಟೆ. ಅದು ಒಂದೇ ಸಮನೆ ಏನನ್ನೋ ಕೇಳುತ್ತಿರುವಂತೆ ಅನಿಸುತ್ತಿತ್ತು.

ಜಡೆಗೆ ಹೋದಾಗಲೆಲ್ಲ ನಾನು ಅಕ್ಕನನ್ನು ಕರೆಯುತ್ತಿದ್ದೆ. “ಬಂದುಬಿಡಕ್ಕ. ಅಷ್ಟು ದೊಡ್ಡ ಮನಿ. ನಾವಿಬ್ರೂ ಇರಾಣ.”

ಅವಳದು ಪ್ರತಿ ಸಲವೂ ಒಂದೇ ಉತ್ತರ. “ಬರಾಕೇನೋ ತಮ್ಮಾ? ಆ ಬಸ್ಸು ಅಂದ್ರ ನನಗ ಆಗಾದಿಲ್ಲ. ವಾಸನಿಗೇ ಹೊಟ್ಟಿ ತೊಳಸತೈತಿ.”

ವಕೀಲನಾದವನು ಆಡಿದ ಮಾತಿಗೆ ಬೆಲೆ ಕೊಡಬೇಕು. ಬಸ್ಸು ಆಗದು ಎಂದರೆ ಬಸ್ಸು ಆಗದು. ಅಡ್ಡಿ ಇರುವುದು ವಾಹನದಲ್ಲಿ, ಆದ್ದರಿಂದ ಪರಿಹಾರವೂ ವಾಹನದಲ್ಲೇ ಇರಬೇಕು. ಹೀಗೆ ತರ್ಕಿಸಿ, ಸೊರಬದ ಅಕ್ಕಿ ಗಿರಣಿ ಸಾಹುಕಾರರೊಬ್ಬರು ಜೀಪು ತಂದ ಮೇಲೆ ಕೊಟ್ಟಿಗೆ ಸೇರಿದ್ದ ಅವರ ಹಳೆಯ ಕಾರಿಗೆ ಬೆಲೆ ಮಾತಾಡಿ ಕೊಂಡೆ. ಕರಿ ಬಣ್ಣ, ಎತ್ತರದ ಚಾವಣಿ, ನ್ಯಾಯಾಧೀಶರ ಮುಖದಂಥ ಮುಖ. ಹಿಂದಿನ ಸೀಟಿನಲ್ಲಿ ಒಂದು ಹೇಂಟೆ ಕಾವಿಗೆ ಕೂತಿತ್ತು. ಅದನ್ನು ಎಬ್ಬಿಸಲು ಸಾಹುಕಾರರಿಗೇ ಸಂಕೋಚ.

“ಓಡೋದಕ್ಕೇನೂ ತೊಂದ್ರೆ ಇಲ್ಲ ಮಾರಾಯ್ರೆ,” ಎಂದರು. “ನಿಲ್ಲಿಸೋದಕ್ಕೆ ಮಾತ್ರ ಸ್ವಲ್ಪ ಮುಂದಾಗಿ ಯೋಚನೆ ಮಾಡ್ಬೇಕು.”

ಆಮೇಲೆ ನಡೆದದ್ದನ್ನು ನೋಡಿದರೆ ಇದಕ್ಕಿಂತ ಸುಳ್ಳಾದ ಭವಿಷ್ಯ ಇನ್ನೊಂದಿಲ್ಲ.

ಕಾರನ್ನು ಹೇಂಟೆಯಿಂದ ಬಿಡಿಸಿಕೊಂಡು, ತೊಳೆಸಿ, ಸೊರಬದಿಂದ ನೇರ ಜಡೆಗೆ ಹೊಡೆದೆ. ಶಿಕಾರಿಪುರಕ್ಕೆ ಹೋಗುವ ಮೊದಲು ಅಕ್ಕನಿಗೆ ತೋರಿಸಬೇಕಿತ್ತು. ದಾರಿಯಲ್ಲಿ ಒಂದು ಕಡೆಯೂ ನಿಲ್ಲಲಿಲ್ಲ, ಕೆಮ್ಮಲಿಲ್ಲ, ಸೀನಲಿಲ್ಲ. ಈ ಅಂಶವನ್ನು ಓದುಗರು ದಯವಿಟ್ಟು ಗಮನದಲ್ಲಿಡಬೇಕು. ನಾನು ಇಡಲಿಲ್ಲ.

ಜಡೆಯಲ್ಲಿ ಪೂಜೆಯಾಗದೆ ಕಾರು ಅಲ್ಲಾಡುವಂತಿರಲಿಲ್ಲ. ಅಕ್ಕನ ಮೈದುನ ನಿಂಬೆಹಣ್ಣು ತಂದು ಗಾಲಿಗಳ ಕೆಳಗಿಟ್ಟ. ಅವನ ಹೆಂಡತಿ, ಅಂದರೆ ಅಕ್ಕನ ನೆಗೆಣ್ಣಿ, ಆರತಿ ತಟ್ಟೆ ಹಿಡಿದು ಕಾರಿನ ಮುಂದೆ ನಿಂತಳು. ಕೇರಿಯ ಮುತ್ತೈದೆಯರೆಲ್ಲ ಅವಳ ಪಕ್ಕ ನೆರೆದರು. ಅಕ್ಕ ಅಲ್ಲಿರಲಿಲ್ಲ. ಗಂಡನಿಲ್ಲದವಳು ಆರತಿಯ ಹೊತ್ತಿಗೆ ಮುಂದೆ ಬರುವುದಿಲ್ಲ. ಬರಬೇಡ ಎಂದು ಯಾರೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಅವಳು ಕಾರಿನ ಹಿಂಭಾಗದಲ್ಲಿ ನಿಂತಿದ್ದಳು. ಬೆಳಗಿನ ಲಿಂಗಪೂಜೆ ಮುಗಿಸಿ ಬಂದಿದ್ದಳಾದ್ದರಿಂದ ಹಣೆಯ ತುಂಬ ವಿಭೂತಿ, ಕೈಯಲ್ಲಿ ಇನ್ನೂ ಪೂಜೆಯ ಸಣ್ಣ ಬಟ್ಟಲು. ನಾನು ಅದೇ ಆಗ ಡಬ್ಬದಿಂದ ಪೆಟ್ರೋಲು ಸುರಿದು, ಟ್ಯಾಂಕಿನ ಮುಚ್ಚಳವನ್ನು ನೆಲದ ಮೇಲೆ ಬಿಟ್ಟು, ತೆಂಗಿನಕಾಯಿ ಒಡೆಯಲು ಮುಂದಕ್ಕೆ ಹೋಗಿದ್ದೆ. ಕಾಯಿ ಒಡೆಯಿತು, ಆರತಿಯಾಯಿತು, ಎಲ್ಲರೂ ಕಾರಿಗೆ ಕೈಮುಗಿದರು. ನಾನು ಹಿಂದಕ್ಕೆ ಬಂದಾಗ ಮುಚ್ಚಳ ಅದರ ಜಾಗದಲ್ಲಿತ್ತು.

“ಬಾಯಿ ತಕ್ಕೊಂಡು ನಿಂತಿತ್ತೋ ಪಾಪ,” ಎಂದಳು ಅಕ್ಕ. “ಮುಚ್ಚೀನಿ.”

“ಬರೂ ವಾರ ಬರ್ತೀನಿ. ಗಂಟು ಕಟ್ಟಿಟ್ಟಿರು. ಇನ್ನ ಬಸ್ಸಿನ ನೆಪಾ ಇಲ್ಲ.”

ಅವಳು ಕಾರಿನ ಬೆನ್ನನ್ನು ಎಮ್ಮೆಯ ಬೆನ್ನು ಸವರುವಂತೆ ಸವರಿದಳು. “ಆತು, ಮೊದ್ಲು ನೀ ನೆಟ್ಟಗ ಊರು ಮುಟ್ಟು.”

ಮುಟ್ಟಿದೆ, ಆದರೆ ನೆಟ್ಟಗಲ್ಲ. ಶಿರಾಳಕೊಪ್ಪ ಇನ್ನೂ ದೂರವಿರುವಾಗ, ಬಂದಳಿಕೆಯ ಹಾಳು ದೇವಸ್ಥಾನಗಳ ಕಡೆಗೆ ದಾರಿ ತಿರುಗುವಲ್ಲಿ ಒಂದು ಸಣ್ಣ ಏರು. ಅಲ್ಲಿ ಕಾರು ಎರಡು ಸಲ ಬಿಕ್ಕಿ, ಒಂದು ಉಸಿರು ಬಿಟ್ಟು ನಿಂತುಬಿಟ್ಟಿತು. ಸೆಲ್ಫು ಎಳೆದೆ. ಹ್ಯಾಂಡಲ್ ಹಾಕಿ ತಿರುಗಿಸಿದೆ. ಕೋಟು ಬಿಚ್ಚಿ ತಿರುಗಿಸಿದೆ. ರಸ್ತೆಬದಿಯಲ್ಲಿ ಕುರಿ ಮೇಯಿಸುತ್ತಿದ್ದ ಹಿರಿಯನೊಬ್ಬ ಕಂಬಳಿ ಹೊದ್ದು ಹತ್ತಿರ ಬಂದು, ಕಾರನ್ನು ಒಂದು ಸುತ್ತು ಹಾಕಿ ನೋಡಿದ.

“ನಿಂತೈತೇನ್ರೀ?”

“ನಿಂತೈತಿ.”

“ತಾನಾಗೇ ನಿಂತೈತೋ, ನೀವು ನಿಲ್ಸೀರೋ?”

ಕೋರ್ಟಿನಲ್ಲಿ ಇಷ್ಟು ನೇರವಾದ ಪ್ರಶ್ನೆಯನ್ನು ನಾನು ಅಪರೂಪಕ್ಕೆ ಕೇಳಿದ್ದೆ. ತಾನಾಗೇ ನಿಂತಿತು ಎಂದು ಒಪ್ಪಿಕೊಂಡೆ. ಅಷ್ಟರಲ್ಲಿ ಶಿರಾಳಕೊಪ್ಪದ ಕಡೆಯಿಂದ ಬಂದ ಬಸ್ಸಿನ ಡ್ರೈವರು ಗಾಡಿ ನಿಧಾನ ಮಾಡಿ, ಕಿಟಕಿಯಿಂದಲೇ ತೀರ್ಪು ಕೊಟ್ಟ. “ಪಂಪು ಕಾದಿರ್ತೈತ್ರೀ! ಒದ್ದಿ ಅರಿವಿ ಸುತ್ತಿ ಒಂದು ಬೀಡಿ ಸೇದೋ ತನ ಕಾಯ್ರಿ!” ಕುರಿಗಾಹಿ ತನ್ನ ಸೋರೆಬುರುಡೆಯ ನೀರು ಕೊಟ್ಟ. ಪಂಚೆಯ ತುದಿ ಹರಿದು, ನೆನೆಸಿ, ಪಂಪಿಗೆ ಸುತ್ತಿ, ಬೀಡಿ ಸೇದದವನಾದ್ದರಿಂದ ಸುಮ್ಮನೆ ಕಾದೆ. ಸೆಲ್ಫು ಎಳೆದೆ. ಹೊತ್ತಿಕೊಂಡಿತು. ಒದ್ದೆ ಬಟ್ಟೆಯ ಮಹಿಮೆಗೆ ಸಾಕ್ಷಿಯಾಗಿ ನಾನೂ ಕುರಿಗಾಹಿಯೂ ಮುಖ ಮುಖ ನೋಡಿಕೊಂಡೆವು.

ಅಲ್ಲಿಂದ ಒದ್ದೆ ಬಟ್ಟೆಯ ಯುಗ ಆರಂಭವಾಯಿತು. ಊರೊಳಗೆ, ಮನೆಯಿಂದ ಕೋರ್ಟಿಗೆ, ಕೋರ್ಟಿನಿಂದ ಮನೆಗೆ, ಕಾರು ಸಾಧುವಿನಂತೆ ಓಡುತ್ತಿತ್ತು. ದೂರ ಹೊರಟರೆ ಎಲ್ಲೋ ಒಂದು ಕಡೆ ಬಿಕ್ಕಿ ನಿಲ್ಲುತ್ತಿತ್ತು. ಬಟ್ಟೆ ಸುತ್ತಿ ಕಾದರೆ ಮತ್ತೆ ಓಡುತ್ತಿತ್ತು. ಬಟ್ಟೆ ಸುತ್ತದೆ ಬರೀ ಕಾದರೂ ಓಡುತ್ತಿತ್ತೇ ಎಂದು ಪರೀಕ್ಷಿಸುವ ಬುದ್ಧಿ ನನಗೂ ಬರಲಿಲ್ಲ, ಬಸ್ಸು ನಿಲ್ದಾಣದ ಹತ್ತಿರ ಷೆಡ್ಡು ಇಟ್ಟಿದ್ದ ರಿಪೇರಿ ಮೇಸ್ತ್ರಿಗೂ ಬರಲಿಲ್ಲ. ಅವನು ಪಂಪು ಬಿಚ್ಚಿ, ಒಳಗಿನ ಪೊರೆಯನ್ನು ಬೆಳಕಿಗೆ ಹಿಡಿದು ನೋಡಿ, “ಇದರ ಆಯಸ್ಸು ಮುಗದೈತ್ರೀ ವಕೀಲ್ರೆ,” ಎಂದು ಶಿವಮೊಗ್ಗದಿಂದ ಹೊಸದು ತರಿಸಿ ಹಾಕಿದ.

“ಇನ್ನ ನಿಲ್ಲಾದಿಲ್ಲ ಹೌದಲ್ಲೋ?”

“ನಿಂತರೆ ನನ್ನ ಹೆಸರು ತಗೀರಿ.”

ಮುಂದೆ ಆ ಬಡಪಾಯಿಯ ಹೆಸರನ್ನು ನಾನು ರಸ್ತೆಯುದ್ದಕ್ಕೂ ತೆಗೆದೆ.

ಈ ಕಾಲದಲ್ಲಿ ನಾನು ಕಂಡುಕೊಂಡ ಒಂದು ಸತ್ಯವನ್ನು ಇಲ್ಲಿ ದಾಖಲಿಸಬೇಕು. ಓಡುವ ಕಾರಿನಲ್ಲಿ ಕೂತವನನ್ನು ಯಾರೂ ಮಾತಾಡಿಸುವುದಿಲ್ಲ. ನಿಂತ ಕಾರಿನವನನ್ನು ಎಲ್ಲರೂ ಮಾತಾಡಿಸುತ್ತಾರೆ. ಯಾವ ಊರು, ಯಾರ ಪೈಕಿ, ಮಕ್ಕಳೆಷ್ಟು, ಊಟ ಆಯಿತೇ. ಮನೆಯಲ್ಲಿ ಇಡೀ ದಿನ ಯಾರೂ ಕೇಳದ ಪ್ರಶ್ನೆಗಳನ್ನೆಲ್ಲ ರಸ್ತೆಬದಿಯ ಜನ ಬಾನೆಟ್ಟಿನೊಳಗೆ ಬಗ್ಗಿ ನೋಡುತ್ತಾ ಕೇಳುತ್ತಿದ್ದರು. ಕಾರು ಮತ್ತೆ ಹೊತ್ತಿಕೊಂಡಾಗ ಅವರಿಗೆ ಆಗುವಷ್ಟು ಸಂತೋಷ ನನಗೆ ಆಗುತ್ತಿರಲಿಲ್ಲ.

ಹೊಸ ಪೊರೆ ಬಂದ ಮೇಲೆ ಅಕ್ಕನನ್ನು ಕರೆತರಲು ಹೊರಟೆ. ಮನೆಗೆ ಸುಣ್ಣ ಹೊಡೆಸಿದ್ದೆ. ಅವಳಿಗೆಂದು ದೇವರಮನೆಯ ಪಕ್ಕದ ಕೋಣೆ ತೆರವು ಮಾಡಿಸಿ, ನನ್ನ ಕಾನೂನು ಪುಸ್ತಕಗಳನ್ನು ಅಟ್ಟಕ್ಕೆ ಹಾಕಿಸಿದ್ದೆ. ಗಡಿಯಾರಕ್ಕೆ ಕೀಲಿಯನ್ನೂ ಕೊಟ್ಟಿದ್ದೆ.

ಅಕ್ಕ ತಯಾರಾಗಿದ್ದಳು. ಒಂದು ಟ್ರಂಕು, ಒಂದು ಗಂಟು, ಉಪ್ಪಿನಕಾಯಿಯ ಭರಣಿ. ನೆಗೆಣ್ಣಿ ಕಣ್ಣೊರೆಸಿಕೊಂಡಳು. ಅಕ್ಕನೇ ಎತ್ತಿ ಆಡಿಸಿದ ಆ ಮನೆಯ ಮಕ್ಕಳು ಕಾರಿನ ಮೆಟ್ಟಿಲಿಗೆ ಜೋತುಬಿದ್ದು ಊರ ಬಾಗಿಲ ತನಕ ಬಂದವು. ಅವಳು ಹಿಂದಿನ ಸೀಟಿನ ತುದಿಯಲ್ಲಿ, ಕೈಯನ್ನು ಮಡಿಲಲ್ಲಿಟ್ಟುಕೊಂಡು, ಫೋಟೋ ತೆಗೆಸಿಕೊಳ್ಳುವವಳಂತೆ ಕೂತಿದ್ದಳು.

ಆನವಟ್ಟಿ ದಾಟಿದ ಮೇಲೆ ಕಾರು ಬಿಕ್ಕಿತು. ನಿಂತೆವು. ಬಟ್ಟೆ, ನೀರು, ಕಾಯುವುದು. ಹೊರಟೆವು. ಮತ್ತೆ ಬಿಕ್ಕಿತು. ಬಟ್ಟೆ, ನೀರು. ಬಂದಳಿಕೆ ತಿರುವಿನ ಏರಿಗೆ ಬಂದಾಗ ಮೂರನೆಯ ಸಲ ನಿಂತಿತು. ಕುರಿಗಾಹಿ ಹಳೆಯ ಬಳಗದವನಂತೆ ನಗುತ್ತಾ ಬಂದ.

“ಬಂದ್ರೇನ್ರೀ? ಕಾದಿದ್ದೆ.” ಅಕ್ಕನನ್ನು ನೋಡಿ ಕೈಮುಗಿದ. “ಈ ಗಾಡಿಗೆ ಈ ಜಾಗ ಮನಸಿಗೆ ಬಂದೈತ್ರೀ ಅವ್ವ. ಇಲ್ಲಿ ನಿಲ್ಲದೆ ಹೋಗಿದ್ದೇ ಇಲ್ಲ.”

ಅವನು ತಮಾಷೆಗೆ ಆಡಿದ ಮಾತು. ಅಕ್ಕ ಕಾರಿನಿಂದ ಇಳಿದಳು. ಮರಗಳ ಸಂದಿನಲ್ಲಿ ಕಾಣುತ್ತಿದ್ದ ಹಾಳು ಗುಡಿಯ ಶಿಖರದ ಕಡೆ ತಿರುಗಿ, ಸೆರಗು ಹೊದ್ದು, ಬಹಳ ಹೊತ್ತು ಕೈಮುಗಿದಳು.

“ತಮ್ಮಾ, ಇದು ಶಕುನಾನೋ,” ಎಂದಳು. “ಮೂರು ಸಲ ತಡೀತು. ಗಂಡನ ಮನಿ ಬಿಟ್ಟು ಹೋಗಬ್ಯಾಡ ಅಂತಾನ ಶಿವ.”

“ಶಿವ ಅಲ್ಲಕ್ಕ, ಪಂಪು.”

“ಪಂಪು ಹೊಸದು ಹಾಕಿಸೀನಿ ಅಂದಿ?”

ಈ ಪಾಟಿ ಸವಾಲು ಕೇಳಿ ನಾನು ಮತ್ತೆ ಬಟ್ಟೆ ನೆನೆಸತೊಡಗಿದೆ. ಅಷ್ಟರಲ್ಲಿ ಶಿರಾಳಕೊಪ್ಪದ ಕಡೆಯಿಂದ ಬಸ್ಸು ಬಂತು. ಅಕ್ಕ ರಸ್ತೆಯ ಮಧ್ಯಕ್ಕೆ ಹೋಗಿ ಕೈ ಅಡ್ಡ ಹಿಡಿದು ಅದನ್ನು ನಿಲ್ಲಿಸಿದಳು. ಟ್ರಂಕು, ಗಂಟು ಮೇಲೇರಿದವು. ಭರಣಿಯನ್ನು ಮಾತ್ರ ನನ್ನ ಕೈಗಿಟ್ಟಳು. “ಮಾವಿನಕಾಯಿದು. ಮಳಿಗಾಲ ಮುಗಿಯಾತನ ಬರ್ತೈತಿ.” ಬಸ್ಸು ಹೋಯಿತು. ಅಯ್ಯೋ, ನನ್ನ ಕಾರಿನ ದೆಸೆಯಿಂದ ಆಗದ ಬಸ್ಸನ್ನು ಹತ್ತಬೇಕಾಯಿತಲ್ಲ, ದಾರಿಯುದ್ದಕ್ಕೂ ಹೊಟ್ಟೆ ತೊಳಸಿ ಎಷ್ಟು ಸಂಕಟಪಡುತ್ತಾಳೋ ಎಂದು ಮರುಗುತ್ತಾ ಭರಣಿ ಹಿಡಿದು ನಿಂತಿದ್ದೆ. ವಕೀಲಿಯಲ್ಲಿ ನನಗೆ ಒಳ್ಳೆಯ ಹೆಸರಿತ್ತು ಎಂಬುದನ್ನು ಇಲ್ಲಿ ಮತ್ತೊಮ್ಮೆ ನೆನಪಿಸುವುದು ಸೂಕ್ತ.

ಆ ದಿನ ಒಂದು ಸಂಗತಿ ಸ್ಪಷ್ಟವಾಯಿತು. ಈ ಕಾರು ಯಾಕೆ ನಿಲ್ಲುತ್ತದೆ ಎಂದು ಕಂಡುಹಿಡಿದು, ನಿಲ್ಲದಂತೆ ಮಾಡಿ, ಅಕ್ಕನಿಗೆ ತೋರಿಸಿದರೆ ಅವಳು ಬರುತ್ತಾಳೆ. ಇಲ್ಲದಿದ್ದರೆ ಇಲ್ಲ. ನನ್ನ ಮುಂದಿನ ವರ್ಷಗಳೆಲ್ಲ ಕಾರಿನ ಪೆಟ್ರೋಲು ಹರಿಯುವ ಒಂದು ತಾಮ್ರದ ಕೊಳವೆಯೊಳಗೆ ಎಲ್ಲೋ ಸಿಕ್ಕಿಕೊಂಡಿದ್ದವು.

ಮುಂದಿನ ಭಾನುವಾರ ವಿಚಾರಣೆಗೆ ಕೂತೆ. ಅಡುಗೆಯಾಕೆ ಬೆಳಗಿನ ಕೆಲಸ ಮುಗಿಸಿ ಹೋಗಿದ್ದಳು. ಹಿತ್ತಲಿನ ಹುಣಸೆ ಮರದ ನೆರಳಿನಲ್ಲಿ ಕಾರು, ಅದರ ಮುಂದೆ ಹಳೆಯ ಚಾಪೆ, ಚಾಪೆಯ ಮೇಲೆ ಸ್ಪ್ಯಾನರು, ಸೈಕಲ್ ಪಂಪು, ಹಿತ್ತಾಳೆ ಬೋಗುಣಿ, ಹಳೆಯ ಪಂಚೆ, ಕಾರಿನ ಜೊತೆಗೆ ಬಂದಿದ್ದ ಇಂಗ್ಲಿಷ್ ಕೈಪಿಡಿ. ಸೀಮೆ ದೇಶದ ಆ ಪುಸ್ತಕ ಮಂಜು ಬಿದ್ದ ಬೆಳಗಿನಲ್ಲಿ ಕಾರನ್ನು ಹೇಗೆ ಎಬ್ಬಿಸಬೇಕೆಂದು ವಿಸ್ತಾರವಾಗಿ ಹೇಳಿ, ಬಂದಳಿಕೆಯ ಬಗ್ಗೆ ಮೌನ ವಹಿಸಿತ್ತು. ಆದರೂ ಒಂದು ಒಳ್ಳೆಯ ಕ್ರಮ ಅದರಲ್ಲಿತ್ತು. ಪೆಟ್ರೋಲು ನಡೆಯುವ ದಾರಿಯನ್ನು ಹಿಂದುಮುಂದಾಗಿ ಹಿಡಿ, ಎಂಜಿನ್ನಿನಿಂದ ಟ್ಯಾಂಕಿನ ಕಡೆಗೆ ಹೋಗು, ಎಲ್ಲಿ ಪೆಟ್ರೋಲು ಸರಾಗ ಸಿಗುತ್ತದೋ ಅದರ ಈಚೆಗೇ ತಪ್ಪಿತಸ್ಥನಿದ್ದಾನೆ.

ಮೊದಲನೆಯ ಆರೋಪಿ ಕಾರ್ಬೊರೇಟರು. ಬಿಚ್ಚಿದೆ. ಸಣ್ಣ ತೂತುಗಳಲ್ಲಿ ಬೆಳಕು ಹಾಯುತ್ತಿತ್ತು, ಒಳಗಿನ ತೇಲುಬುರುಡೆ ತೇಲುತ್ತಿತ್ತು. ತೇಲುವುದೇ ಅದರ ಜೀವನದ ಏಕಮಾತ್ರ ಕರ್ತವ್ಯವಾದ್ದರಿಂದ ನಿರಪರಾಧಿಯೆಂದು ಬಿಡುಗಡೆ ಮಾಡಿದೆ. ಎರಡನೆಯದು ಪಂಪು. ಅದರ ತಲೆಯ ಮೇಲಿನ ಗಾಜಿನ ಬಟ್ಟಲಲ್ಲಿ ಒಂದು ಚಿಟಿಕೆ ಬೂದುಬಣ್ಣದ ಪುಡಿ ತಳಕ್ಕೆ ಕೂತಿತ್ತು. ಧೂಳಿರಬೇಕೆಂದು ಒರೆಸಿ ಎಸೆದೆ. ಕೈಯಿಂದ ಪಂಪನ್ನು ಒತ್ತಿದರೆ ಪೆಟ್ರೋಲು ಹಾರಿ ಹೊಡೆಯಿತು. ಇಷ್ಟು ದಿನ ಒದ್ದೆ ಬಟ್ಟೆಯ ಶಿಕ್ಷೆ ಅನುಭವಿಸಿದ್ದು ನಿರಪರಾಧಿ. ಅದಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಮನಸ್ಸಿನಲ್ಲಿ ಎಂದುಕೊಂಡಿದ್ದೆ, ಬಾಯಲ್ಲೇ ಆಡುತ್ತಿದ್ದೆನೆಂದು ಕಾಣುತ್ತದೆ. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, “ಯಾರು ಬಂದಾರ್ರೀ ವಕೀಲ್ರೆ? ಮಾತು ಕೇಳಿದಂಗಾತು,” ಎಂದರು.

“ಯಾರೂ ಇಲ್ಲ ಬಿಡ್ರಿ.”

“ಹಂಗೇನು,” ಎಂದ ಅವರು ಒಳಗೆ ಹೋಗಿ, ಬಟ್ಟಲಲ್ಲಿ ಒಂದಿಷ್ಟು ಮಂಡಕ್ಕಿ ತಂದು ಗೋಡೆಯ ಮೇಲಿಟ್ಟು ಹೋದರು.

ಉಳಿದದ್ದು ಕೊಳವೆ ಮತ್ತು ಟ್ಯಾಂಕು. ಕೊಳವೆಯನ್ನು ಪಂಪಿನ ಬುಡದಲ್ಲಿ ಬಿಚ್ಚಿ ಸೈಕಲ್ ಪಂಪಿನಿಂದ ಗಾಳಿ ಹೊಡೆದೆ. ಹಿಂದುಗಡೆ ಟ್ಯಾಂಕಿನೊಳಗೆ ಗುಳುಗುಳು ಎಂದು ಸದ್ದಾಯಿತು. ದಾರಿ ತೆರವಾಗಿದೆ ಎಂದರ್ಥ. ಹಾಗಿದ್ದರೆ ನಿಲ್ಲುವುದೇಕೆ? ಕಾರಿನ ಕೆಳಗೆ ಅಂಗಾತ ಮಲಗಿ, ಟ್ಯಾಂಕಿನ ತಳದಲ್ಲಿ ಕೊಳವೆ ಸೇರುವ ತಿರುಪನ್ನು ಬಿಚ್ಚಿ, ಬೋಗುಣಿ ಹಿಡಿದೆ. ಪೆಟ್ರೋಲು ಬೆರಳ ಗಾತ್ರದ ಧಾರೆಯಾಗಿ ಬಿತ್ತು. ನೋಡುತ್ತಿದ್ದಂತೆ ಧಾರೆ ಸಣ್ಣಗಾಯಿತು. ದಾರವಾಯಿತು. ತೊಟ್ಟಿಕ್ಕಿತು. ನಿಂತಿತು. ಟ್ಯಾಂಕು ಅರ್ಧಕ್ಕಿಂತ ಹೆಚ್ಚು ತುಂಬಿತ್ತು!

ತೂತಿನ ಬಾಯಿಗೆ ಬೆರಳಿಟ್ಟೆ. ಒಳಗಿನಿಂದ ಮೆತ್ತಗೆ ಏನೋ ಬೆರಳನ್ನು ಮುಟ್ಟಿತು. ಹಿಡಿಯಲು ಸಿಗಲಿಲ್ಲ. ಎದ್ದು ಒಳಗೆ ಹೋಗಿ, ಹೆಂಡತಿ ಹೋದ ಮೇಲೆ ಯಾರೂ ತೆರೆಯದೆ ಇದ್ದ ಅವಳ ಪುಟ್ಟ ಪೆಟ್ಟಿಗೆಯಿಂದ ಒಂದು ಹೇರ್‌ಪಿನ್ನು ತಂದೆ. ಅದರ ತುದಿ ಬಗ್ಗಿಸಿ, ಮೆಲ್ಲಗೆ ಎಳೆದೆ. ಪೆಟ್ರೋಲಿನ ಜೊತೆಗೆ ಅಂಗೈಯ ಮೇಲೆ ಬಂದು ಬಿದ್ದದ್ದು ಒಂದು ಬಿಲ್ವಪತ್ರೆ. ಬಣ್ಣ ಕಳೆದು ಕಂದಾಗಿತ್ತು, ಆದರೆ ತೊಟ್ಟು ಮುರಿದಿರಲಿಲ್ಲ, ಮೂರು ದಳವೂ ನೆಟ್ಟಗಿದ್ದವು.

ಕಾರಿನ ಕೆಳಗೆ ಹಾಗೇ ಮಲಗಿದ್ದೆ. ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆರತಿಯ ಹೊತ್ತಿಗೆ ಹಿಂದೆ ನಿಂತವಳು, ಪೂಜೆಯ ಬಟ್ಟಲು, ಬಾಯಿ ತೆರೆದು ನಿಂತಿದ್ದ ಟ್ಯಾಂಕು. ಎಲ್ಲರೂ ಕಾರಿನ ಮುಖಕ್ಕೆ ಪೂಜೆ ಮಾಡುತ್ತಿದ್ದಾಗ ಅವಳು ತನ್ನ ಪಾಲಿಗೆ ಬಂದ ಕಡೆಯಿಂದ ಮಾಡಿದ್ದಳು. ಗಾಜಿನ ಬಟ್ಟಲಲ್ಲಿದ್ದ ಬೂದುಪುಡಿ ವಿಭೂತಿ. ಕಾರು ಓಡುವಾಗ ಪಂಪು ಎಳೆದ ರಭಸಕ್ಕೆ ಪತ್ರೆ ಬಂದು ತೂತಿಗೆ ಅಂಟಿಕೊಳ್ಳುತ್ತಿತ್ತು. ಕಾರು ನಿಂತು ಎಳೆತ ನಿಂತಾಗ ತಾನಾಗಿ ಬಿಟ್ಟು ತೇಲಿ ಹೋಗುತ್ತಿತ್ತು. ಒದ್ದೆ ಬಟ್ಟೆಯ ಮಹಿಮೆಯೆಲ್ಲ ಇಷ್ಟೇ.

ಕೊಳವೆ ಜೋಡಿಸಿ, ಪೆಟ್ರೋಲನ್ನು ಪಂಚೆಯಲ್ಲಿ ಸೋಸಿ ಮತ್ತೆ ತುಂಬಿ, ಪ್ರಕರಣ ಮುಕ್ತಾಯವಾಯಿತೆಂದು ಘೋಷಿಸಿದೆ. ಪತ್ರೆಯನ್ನು ಕಾಗದದಲ್ಲಿ ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡೆ. ಇದು ಸಾಕ್ಷಿಗೆ ಹಾಜರುಪಡಿಸಬೇಕಾದ ನನ್ನ ಮುದ್ದೆಮಾಲು. ಶಕುನವೆಂದು ಅವಳು ತಿಳಿದದ್ದು ಅವಳದೇ ಕೈಕೆಲಸ ಎಂದು ತೋರಿಸಿದರೆ ಎದುರುಪಕ್ಷಕ್ಕೆ ಇನ್ನು ವಾದವೇ ಇಲ್ಲ.

ಮುಂದಿನ ರಜೆಯಲ್ಲಿ ಜಡೆಗೆ ಹೋದೆ. ಕಾರು ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ. ಬಂದಳಿಕೆ ತಿರುವಿನಲ್ಲಿ ಕುರಿಗಾಹಿ ಕೈಯೆತ್ತಿದ. ನಾನು ಹಾರ್ನು ಬಾರಿಸಿ ಹಾದುಹೋದೆ. ಕನ್ನಡಿಯಲ್ಲಿ ನೋಡಿದರೆ ಅವನು ಎತ್ತಿದ ಕೈ ಇಳಿಸದೆ ನಿಂತಿದ್ದ.

ಅಕ್ಕ ಜಗಲಿಯಲ್ಲಿ ಕೂತು ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟಳು. ತಿಂದು, ಕೈತೊಳೆದು, ಕಾಗದ ಬಿಚ್ಚಿ ಅವಳ ಮುಂದಿಟ್ಟೆ.

ಅವಳು ಪತ್ರೆಯನ್ನು ಎತ್ತಿಕೊಂಡು ಮೂಸಿದಳು. “ಥೂ, ಏನ್ ನಾತಾನೋ!” ಎಂದವಳು ಸೆರಗಿನಿಂದ ಅದನ್ನು ಒರೆಸಿದಳು. “ಇದು ನಮ್ಮ ಹಿತ್ತಲ ಗಿಡದ್ದು.”

“ಟ್ಯಾಂಕಿನಾಗ ಇತ್ತು. ಕಾರು ನಿಲ್ಲಿಸಿದ್ದು ಇದೇ. ಶಿವ ಅಲ್ಲ, ನೀನು.”

“ಅಯ್ಯ ನನ್ನ ಶಿವನ! ಗಾಡಿ ಹೊಟ್ಟಿ ತಣ್ಣಗಿರ್ಲಿ, ನನ್ನ ತಮ್ಮನ್ನ ಕಾಯ್ಲಿ ಅಂತ ಹಾಕಿದ್ನೋ. ನಿಲ್ಲಿಸಲಿ ಅಂತಲ್ಲ!” ಅವಳಿಗೆ ನಗು ಬಂತು. ಬಾಯಿಗೆ ಸೆರಗು ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಾನೂ ನಕ್ಕೆ. ಆಮೇಲೆ ಹೇಳಿದೆ, “ಹಂಗಾದ್ರ ಶಕುನದ ಮಾತು ಮುಗೀತಲ್ಲ. ಇವತ್ತು ಒಂದು ಕಡಿಗೂ ನಿಂತಿಲ್ಲ. ಏಳು, ಗಂಟು ಕಟ್ಟು.”

ಅಕ್ಕನ ನಗು ನಿಧಾನವಾಗಿ ಇಳಿಯಿತು. ಪತ್ರೆಯನ್ನು ಮಡಿಲಲ್ಲಿಟ್ಟುಕೊಂಡಳು. ಒಳಗೆ ಮಕ್ಕಳು ಯಾವುದಕ್ಕೋ ಜಗಳವಾಡುತ್ತಿದ್ದವು. ನೆಗೆಣ್ಣಿ ಬೈಯುತ್ತಿದ್ದಳು. ಎಮ್ಮೆ ಕೂಗುತ್ತಿತ್ತು.

“ನಿನ್ನ ಹೆಂಡ್ತಿ ಹೋದಾಗ ನಾ ಹೆಂಗ್ ಬಂದಿದ್ದೆ?” ಎಂದಳು.

“ಹೆಂಗ ಅಂದ್ರ? ಬಸ್ಸಿನಾಗ.”

ಹೇಳಿದ ಮೇಲೆ ನನ್ನ ಮಾತು ನನ್ನ ಕಿವಿಗೆ ಬಿತ್ತು.

“ಬಸ್ಸು ಆಗಾದಿಲ್ಲ ಅಂದೆ. ನೀ ಕಾರು ತಂದಿ. ಕಾರು ನಿಂತಾಗ, ಶಿವ ಬ್ಯಾಡಂತಾನ ಅಂದೆ. ಎಷ್ಟು ಹಗುರಾತು ಗೊತ್ತೇನು ನನಗ ಅವತ್ತು? ಅದನ್ನೂ ನೀ ತಳಾ ಬಿಚ್ಚಿ ತೊಳಕೊಂಡು ಬಂದಿ.” ದನಿ ಏರಲಿಲ್ಲ. “ಇನ್ನ ನಾ ಯಾವ ನೆಪಾ ಹೇಳ್ಲೋ ತಮ್ಮಾ? ನೀನೇ ಹೇಳಿಕೊಡು, ನೀ ವಕೀಲ.”

ನಾನು ಖಾಲಿ ಕಾಗದವನ್ನು ಮತ್ತೆ ಮಡಚಿದೆ.

“ಬರಾಂಗಿಲ್ಲ ಅಂತ ಬಾಯಿ ಬಿಟ್ಟು ಹೆಂಗ ಹೇಳ್ಳಿ, ಒಬ್ಬನೇ ಇದ್ದೀಯ. ಆದ್ರ ನೀ ಕೋರ್ಟಿಗೆ ಹೋದ ಮ್ಯಾಲೆ ನಾ ಅಲ್ಲಿ ಗ್ವಾಡಿ ನೋಡ್ಕೋತ ಕುಂದ್ರಬೇಕು. ಇಲ್ಲಿ ಹಿಂದ ನಿಂತಿರ್ತೀನಿ ಖರೆ. ಆದ್ರ ಜನದ ಹಿಂದ ನಿಂತಿರ್ತೀನಿ.”

ಇದಕ್ಕೆ ಮೇಲ್ಮನವಿ ಇರಲಿಲ್ಲ. ಹೊರಡುವ ಹೊತ್ತಿಗೆ ಅವಳು ಕಾರಿನ ತನಕ ಬಂದಳು. ಹಿಂಭಾಗಕ್ಕೆ ಹೋಗಿ ಟ್ಯಾಂಕಿನ ಮುಚ್ಚಳದ ಮೇಲೆ ಕೈಯಿಟ್ಟು, ಏನೋ ನೆನಪಾದವಳಂತೆ ತಿರುಗಿದಳು.

“ಉಳದಾವನ್ನ ಏನ್ ಮಾಡ್ದಿ?”

“ಯಾವ ಉಳದಾವು?”

“ಪತ್ರಿ. ನಾ ಹಾಕಿದ್ದು ಒಂದಲ್ಲೋ, ಒಂದು ಹಿಡಿ.”

ಹಿಡಿ! ಟ್ಯಾಂಕಿನೊಳಗೆ ಅಡ್ಡತಗಡುಗಳಿರುತ್ತವೆಂದು ಕೈಪಿಡಿಯಲ್ಲಿ ಓದಿದ್ದೆ. ಅವುಗಳ ಆಚೆ ಏನೇನು ತೇಲುತ್ತಿದೆಯೆಂದು ಬಗ್ಗಿ ನೋಡುವಂತಿರಲಿಲ್ಲ. ಅಕ್ಕ ಗಾಬರಿಯಾಗಿ, “ತಗಿಸಿಬಿಡೋ ಮತ್ತ, ಹಾದ್ಯಾಗ ನಿಂತೀತು,” ಎಂದಳು. ತೆಗೆಸುತ್ತೇನೆ ಎಂದೆ.

ಬಂದಳಿಕೆ ತಿರುವಿನ ಏರಿನಲ್ಲಿ ಕಾರು ಎರಡು ಸಲ ಬಿಕ್ಕಿ, ಉಸಿರು ಬಿಟ್ಟು ನಿಂತಿತು.

ಕುರಿಗಾಹಿ ಬಂದ. ಬೆಳಿಗ್ಗೆ ನಿಲ್ಲದೆ ಹೋದದ್ದಕ್ಕೆ ಅವನಿಗೆ ಸ್ವಲ್ಪ ಸಿಟ್ಟಿದ್ದಂತೆ ಕಂಡಿತು. “ಮುಂಜಾನಿ ಭಾರಿ ಜೋರಾಗಿ ಹೋದ್ರಿ,” ಎಂದ. ಸೋರೆಬುರುಡೆ ಚಾಚಿದ. “ಒದ್ದಿ ಅರಿವಿ?”

“ಬ್ಯಾಡ. ಸುಮ್ನ ಕುಂತರ ಸಾಕು.”

ಕಾರಿನ ಮೆಟ್ಟಿಲ ಮೇಲೆ ಕೂತೆವು. ಅವನು ಎಲೆ ಅಡಿಕೆ ಬಿಚ್ಚಿದ. ಅಕ್ಕನವರು ಬರಲಿಲ್ಲವೇ ಎಂದು ಕೇಳಿದ. ಬರಲಿಲ್ಲ ಎಂದೆ. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದ. ಅದನ್ನೂ ಹೇಳಿದೆ. ಅವನು ಎದ್ದು ಹೋಗಿ ಬಾಯಿಯ ರಸ ಉಗುಳಿ ಬಂದು ಮತ್ತೆ ಕೂತ.

ಮೇಸ್ತ್ರಿ ಆಮೇಲೆ ಎಷ್ಟೋ ಸಲ ಹೇಳಿದ, ಟ್ಯಾಂಕು ಇಳಿಸಿ ಬಿಸಿನೀರಲ್ಲಿ ತೊಳೆದರೆ ಅರ್ಧ ದಿನದ ಕೆಲಸವೆಂದು. ಪ್ರತಿ ಸಲವೂ ಏನಾದರೊಂದು ಕಾರಣ ಹೇಳಿ ಮುಂದಿನ ವಾಯಿದೆಗೆ ಹಾಕಿದೆ. ಕಾರು ನನ್ನಲ್ಲಿದ್ದಷ್ಟು ವರ್ಷವೂ ಆ ಟ್ಯಾಂಕನ್ನು ಇಳಿಸಲಿಲ್ಲ. ದೂರ ಹೊರಟಾಗ ಒಂದೊಂದು ಸಲ ಬಿಕ್ಕಿ ನಿಲ್ಲುತ್ತಿತ್ತು. ನಾನು ಇಳಿದು, ಬಾನೆಟ್ಟು ಎತ್ತದೆ, ಹಿಂಭಾಗಕ್ಕೆ ಹೋಗಿ ಕೂರುತ್ತಿದ್ದೆ. ಹಾದುಹೋಗುವವರು ನಿಂತು ಯಾವ ಊರು, ಊಟ ಆಯಿತೇ ಎಂದು ಕೇಳುತ್ತಿದ್ದರು.

ಅವತ್ತು ಕುರಿಗಾಹಿಯ ಎಲೆ ಅಡಿಕೆ ಮುಗಿಯಿತು. “ನೋಡ್ರಿ ಒಂದ್ ಸಲ,” ಎಂದ. ಒಳಗೆ ಕೂತು ಸೆಲ್ಫು ಎಳೆದೆ. ಹೊತ್ತಿಕೊಂಡಿತು. ಅವನು ಎದ್ದು ಕಂಬಳಿ ಕೊಡವಿದ. ನಾನು ಕೂಡಲೇ ಹೊರಡಲಿಲ್ಲ, ಎಂಜಿನ್ನನ್ನು ಓಡಲು ಬಿಟ್ಟು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ.